ಅಂಗಡಿಯವರು ಡ್ಯಾಶ್‌ಕ್ಯಾಮ್ ಬದಲಾಯಿಸಿಕೊಟ್ಟರು

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಬ್ರಿಟನ್ನಿನಲ್ಲಿ ಚೆನ್ನಾಗಿದ್ದೇವೆ. ಕಾರಿನ ಕ್ಯಾಮೆರಾ ವಿಷಯ ಫೋನಿನಲ್ಲಿ ಅರ್ಧಕ್ಕೇ ನಿಂತಿತ್ತು. ಅಂಗಡಿಯವರು ಹೊಸದು ಕೊಟ್ಟರು, ಹಣ ಏನೂ ಕೇಳಲಿಲ್ಲ. ನಿಮ್ಮ ರಿವರ್ಸ್ ಕ್ಯಾಮೆರಾ ಕೆಟ್ಟು ಕೂತಿದೆ, ‘ಕಂಪನಿಗೆ ಕಳಿಸಿ’ ಅಂತ ಅಂಗಡಿಯವನು ಕೈಬಿಟ್ಟ ಅಂದಿರಲ್ಲ ಅಪ್ಪ, ಅದಕ್ಕೇ ಇದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಮುಂದಿನ ಗಾಜಿಗೆ ಅಂಟಿಸುವ ಡ್ಯಾಶ್‌ಕ್ಯಾಮ್. ಕಾರು ಸ್ಟಾರ್ಟ್ ಮಾಡಿದರೆ ಆನ್ ಆಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಆಫ್, ಮತ್ತೆ ಆನ್. ರೆಕಾರ್ಡಿಂಗ್ ತೆಗೆದು ನೋಡಿದರೆ ಮೂಲೆಯಲ್ಲಿ ಯಾವುದೋ ಹಳೇ ವರ್ಷದ ಜನವರಿ 1ನೇ ತಾರೀಕು. ಆಕ್ಸಿಡೆಂಟ್ ಆದರೆ ಸಾಕ್ಷಿಗೆ ಇರಲಿ ಅಂತ ಹಾಕಿಸಿಕೊಂಡದ್ದು. ತಾರೀಕೇ ತಪ್ಪಾಗಿದ್ದರೆ ಯಾರು ನಂಬುತ್ತಾರೆ?

ತಪ್ಪು ಕ್ಯಾಮೆರಾದ್ದೇ ಹೌದಾ ಅಂತ ನಿಮ್ಮ ಅಳಿಯ ಮೊದಲು ನೋಡಿದರು. ಬೇರೆ ಕೇಬಲ್ ಹಾಕಿದರು, ಬೇರೆ ಮೆಮೊರಿ ಕಾರ್ಡ್ ಹಾಕಿದರು. ಅಂಗಡಿಯಲ್ಲಿ ಮೊದಲು ಕೇಳುವುದೇ ಅದನ್ನು. ಕಾರ್ಡ್ ಮೇಲೆ ಬರೆದು ಅಳಿಸಿ ಬರೆದು ಅದೂ ಬೇಗ ಸವೆಯುತ್ತದೆ ನೋಡಿ. ಕೊನೆಗೆ ಕ್ಯಾಮೆರಾ ಕೈಯಲ್ಲಿ ಹಿಡಿದು ತಿರುಗಿಸಿದಾಗ ಕಾಣಿಸಿತು: ಹಿಂದಿನ ಪ್ಲಾಸ್ಟಿಕ್ ಕೂಡುವ ಕಡೆ ಬಾಯಿ ಬಿಟ್ಟಿತ್ತು, ಉಗುರು ಹೋಗುವಷ್ಟು. ಒಳಗಿನ ಬ್ಯಾಟರಿ ಉಬ್ಬಿತ್ತು. ಇಂಜಿನ್ ಆಫ್ ಆದಮೇಲೆ ಕೊನೆಯ ಫೈಲ್ ಉಳಿಸಲು, ಗಡಿಯಾರ ನಿಲ್ಲದಿರಲು ಅದರೊಳಗೆ ಒಂದು ಪುಟ್ಟ ಲಿಥಿಯಂ ಬ್ಯಾಟರಿ ಇರುತ್ತದೆ. ಗಾಜಿನ ಹಿಂದೆ ಬಿಸಿಲಿಗೆ ಕಾದು ಕಾದು ಅದು ಹಾಳಾಗುತ್ತದೆ. ಉಬ್ಬಿದ್ದು ಕಂಡ ಮೇಲೆ ಅದನ್ನು ಚಾರ್ಜ್ ಮಾಡುವುದಿರಲಿ, ಕಾರಿನಲ್ಲಿ ಇಡುವುದೂ ಅಪಾಯ. ಬೆಂಕಿ ಹತ್ತಬಹುದು. ಅವತ್ತೇ ಕಿತ್ತೆವು.

ಅಂಗಡಿಗೆ ಹೋದರೆ ಕೌಂಟರಿನ ಹುಡುಗ ಹೇಳಿದ್ದೂ ನಿಮಗೆ ಹೇಳಿದ ಮಾತೇ: ವಾರಂಟಿ ಕಂಪನಿಯದ್ದು, ಅವರಿಗೆ ಪೋಸ್ಟ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಇಲ್ಲಿ ಪೋಸ್ಟಿನಲ್ಲಿ ಕಳಿಸುವಂತೆಯೇ ಇಲ್ಲ! ನಾನು ದನಿ ಏರಿಸಲಿಲ್ಲ. ದುಡ್ಡು ತೆಗೆದುಕೊಂಡು ಬಿಲ್ ಕೊಟ್ಟವರು ನೀವು, ನಾನು ಬರಬೇಕಾದ್ದು ನಿಮ್ಮ ಹತ್ತಿರವೇ ಅಂದೆ. ಬ್ರಿಟನ್ನಿನ 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಹೇಳುವುದೂ ಅದನ್ನೇ. ಕಂಪನಿಯ ವಾರಂಟಿ ಬೇರೆ, ಮಾರಿದವರ ಹೊಣೆ ಬೇರೆ. ಕೊಂಡ 30 ದಿನದೊಳಗೆ ದೋಷ ಕಂಡರೆ ವಸ್ತು ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ಆಮೇಲಾದರೆ ರಿಪೇರಿ ಅಥವಾ ಬದಲಿ. ಆರು ತಿಂಗಳೊಳಗೆ ಕೆಟ್ಟರೆ ದೋಷ ಮೊದಲಿನಿಂದಲೂ ಇತ್ತು ಅಂತಲೇ ಲೆಕ್ಕ. ಇರಲಿಲ್ಲ ಅನ್ನುವುದನ್ನು ತೋರಿಸಬೇಕಾದವರು ಅಂಗಡಿಯವರು. ನಮ್ಮದು ಕೊಂಡು ಇನ್ನೂ ಆರು ತಿಂಗಳಾಗಿರಲಿಲ್ಲ.

ಹುಡುಗ ಒಳ್ಳೆಯವನೇ, ಮ್ಯಾನೇಜರನ್ನು ಕರೆದ. ಆಕೆ ಬಿಲ್ ನೋಡಿದಳು, ಪ್ಲಾಸ್ಟಿಕ್ ಬಿಟ್ಟುಕೊಂಡಿದ್ದನ್ನು ನೋಡಿದಳು. ಆಮೇಲೆ ಜಾಸ್ತಿ ಮಾತಿಲ್ಲ. ಅದೇ ಮಾಡೆಲ್ ಖಾಲಿಯಾಗಿತ್ತು, ಬೇರೆಯದು ಕೊಟ್ಟಳು. ಇದರಲ್ಲಿ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇದೆ, ಅಂದರೆ ಸ್ವಲ್ಪ ಹೊತ್ತಿಗೆ ಸಾಲುವಷ್ಟು ಕರೆಂಟ್ ಹಿಡಿದಿಡುವ ಪುಟ್ಟ ಭಾಗ. ಅದು ಬಿಸಿಲು ಚೆನ್ನಾಗಿ ತಡೆಯುತ್ತದೆ. ನೀವು ಮುಂದೆ ಡ್ಯಾಶ್‌ಕ್ಯಾಮ್ ಕೊಂಡರೆ ಇದೊಂದನ್ನು ಕೇಳಿಯೇ ಕೊಳ್ಳಿ. ಬದಲಾಯಿಸಿದ್ದನ್ನು ತಾರೀಕು ಸಮೇತ ಬಿಲ್ ಮೇಲೆ ಬರೆಸಿಕೊಂಡೆ. ಹಳೆಯದು ಕೊಡುವ ಮುಂಚೆ ನಮ್ಮ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಂಡೆವು, ಎಲ್ಲೆಲ್ಲಿ ಓಡಾಡಿದೆವು ಅನ್ನುವುದೆಲ್ಲ ಅದರಲ್ಲೇ ಇರುತ್ತದಲ್ವಾ.

ಈಗ ನಿಮ್ಮ ಕ್ಯಾಮೆರಾ. ‘ಹೋಗಲಿ ಬಿಡು, ಯಾರು ಅಲೆಯುತ್ತಾರೆ’ ಅಂದಿರಿ. ಬಿಡಬೇಡಿ ಅಪ್ಪ. ಅದು ನೀವು ದುಡಿದ ದುಡ್ಡು. ಕಾನೂನು ಈ ದೇಶದಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಬಿಲ್ ಕೊಡದಿರುವುದೇ ಅದರ ಪ್ರಕಾರ ತಪ್ಪು. ಕೆಟ್ಟ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ತಪ್ಪು. ಮೊದಲು ಅಂಗಡಿಗೆ ಬರಹದಲ್ಲಿ ಕೇಳಿ, ಬಾಯಿಮಾತು ಬೇಡ. ಅವರು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು ಅಷ್ಟೇ. ಅಲ್ಲಿಯವರೆಗೆ ಹೋಗುವುದು ಬೇಕಾಗಲಿಕ್ಕಿಲ್ಲ.

ಅಮ್ಮ, ಬಿಲ್ ನೀನೇ ಎಲ್ಲೋ ಎತ್ತಿಟ್ಟಿರುತ್ತೀಯ, ಹುಡುಕು. ಆ ನಯವಾದ ಕಾಗದದ ಬಿಲ್ ಆದರೆ ಅಕ್ಷರ ಮಾಸಿಹೋಗುತ್ತದೆ, ಸಿಕ್ಕ ಕೂಡಲೇ ಫೋಟೋ ತೆಗೆದು ವಾಟ್ಸಾಪ್ ಮಾಡು. ವಾರಂಟಿ ಕಾರ್ಡ್ ಇದ್ದರೆ ಅದರದ್ದೂ. ಅಪ್ಪ, ರಿವರ್ಸ್ ಹಾಕಿದಾಗ ಸ್ಕ್ರೀನಿನಲ್ಲಿ ಗೆರೆ ಬರುತ್ತದೆ ಅಂದಿರಲ್ಲ, ಅದರ ಒಂದು ವಿಡಿಯೋ ಮಾಡಿಡಿ. ಅಂಗಡಿಗೆ ಕೊಡಬೇಕಾದ ಪತ್ರವನ್ನು ನಾನೇ ಬರೆದು ಕಳಿಸುತ್ತೇನೆ, ನೀವು ಸಹಿ ಹಾಕಿ ಕೊಟ್ಟು, ನಕಲಿನ ಮೇಲೆ ಅವರ ಸೀಲ್ ಹಾಕಿಸಿಕೊಂಡು ಬನ್ನಿ.

ಇಂತಿ ನಿಮ್ಮ ಪ್ರೀತಿಯ ಮಗಳು