ಕರಡು ಓದುವವರು ಬೇಕಾಗಿದ್ದಾರೆ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮೊದಲ ಕಥಾಸಂಕಲನವನ್ನು ಮನೆಗೆ ತಂದುಕೊಟ್ಟಳು. ಪಕ್ಕದ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿರುವ ಆಕೆ ಬರುವ ಗೌರವಧನದಲ್ಲೇ ಉಳಿಸಿದ 40 ಸಾವಿರ ರೂಪಾಯಿಯನ್ನು ಪ್ರಕಾಶಕರೊಬ್ಬರಿಗೆ ಕೊಟ್ಟು 300 ಪ್ರತಿ ಅಚ್ಚು ಹಾಕಿಸಿದ್ದಾಳೆ. ಮುಖಪುಟ ಅಂದವಾಗಿದೆ, ಕಾಗದ ಒಳ್ಳೆಯದು, ಹಿರಿಯರೊಬ್ಬರ ಮುನ್ನುಡಿಯೂ ಇನ್ನೊಬ್ಬರ ಬೆನ್ನುಡಿಯೂ ಇವೆ. ಆದರೆ ಮೂರನೆಯ ಕಥೆಯಲ್ಲಿ ನಾಲ್ಕು ಪುಟದವರೆಗೆ ಶಾಂತವ್ವ ಆಗಿದ್ದ ಅತ್ತೆ ಐದನೆಯ ಪುಟದಿಂದ ಶಾರದವ್ವ ಆಗಿದ್ದಾಳೆ. ಮುನ್ನುಡಿಯಲ್ಲಿ ಆ ಕಥೆಯನ್ನು ಮೆಚ್ಚಿ ಒಂದು ಪ್ಯಾರಾ ಇದ್ದರೂ ಈ ತಪ್ಪು ಅಲ್ಲಿಯೂ ಯಾರ ಕಣ್ಣಿಗೂ ಬಿದ್ದಿಲ್ಲ. ಅಚ್ಚಿಗೆ ಹೋಗುವ ಮುಂಚೆ ಯಾರು ಓದಿದರು ಎಂದು ಕೇಳಿದೆ. "ಯಾರೂ ಓದಿಲ್ರಿ ಸರ್, ಡಿಟಿಪಿ ಮಾಡೋರ ಹತ್ರ ಕುಂತು ನಾನ ನೋಡೇನ್ರಿ" ಎಂದಳು. ಅದಕ್ಕೂ ಮೊದಲು ಎರಡು ವರ್ಷದಲ್ಲಿ ಏಳು ಕಥೆಗಳನ್ನು ಬೇರೆ ಬೇರೆ ಪತ್ರಿಕೆಗಳಿಗೆ ಕಳಿಸಿದ್ದಳಂತೆ. ಒಂದಕ್ಕೂ 'ಆಗದು' ಎಂಬ ಉತ್ತರ ಕೂಡ ಬಂದಿಲ್ಲ.

ಹುಡುಗಿಯಲ್ಲಿ ಶಕ್ತಿ ಇದೆ. ಅದೇ ಸಂಕಲನದ ಕೊನೆಯ ಕಥೆಯಲ್ಲಿ ಹೆಣ್ಣುಮಗಳೊಬ್ಬಳು ತವರಿನಿಂದ ತಂದ ಹೊಲಿಗೆ ಯಂತ್ರವನ್ನು ಮಾರುವ ಮುನ್ನ ಅದಕ್ಕೆ ಎಣ್ಣೆ ಬಿಟ್ಟು ಒರೆಸುವ ಚಿತ್ರವಿದೆ. ಅದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಂಥ ಕೈ ಇರುವವಳಿಗೆ ದುಡ್ಡು ಕಟ್ಟಿಸಿಕೊಳ್ಳುವವರು ಸಿಕ್ಕರು, ಮುನ್ನುಡಿ ಬರೆಯುವವರು ಸಿಕ್ಕರು, ಬಿಡುಗಡೆಯ ದಿನ ಶಾಲು ಹೊದಿಸುವವರೂ ಸಿಕ್ಕರು. ಕರಡನ್ನು ಮುಂದಿಟ್ಟುಕೊಂಡು ಕುಳಿತು ಓದುವ ಒಬ್ಬರು ಮಾತ್ರ ಸಿಗಲಿಲ್ಲ. ಈ ಕೊರತೆಯ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ನಾಲ್ಕು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಅಂಥ ಓದುಗರೊಬ್ಬರು ಸಿಕ್ಕಿದ್ದರು. 1986ರಲ್ಲಿ, ಶಿಕ್ಷಕನಾಗಿ ಸೇರಿದ ಹೊಸದರಲ್ಲಿ, ವಾರಪತ್ರಿಕೆಯೊಂದಕ್ಕೆ ಒಂದು ಕಥೆ ಕಳಿಸಿದ್ದೆ. ಆಗಿನ ರೂಢಿಯಂತೆ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟಿದ್ದೆ. ತಿಂಗಳೊಪ್ಪತ್ತಿನಲ್ಲಿ ಅದೇ ಲಕೋಟೆ ತಿರುಗಿ ಬಂತು. ಒಳಗೆ ಕಥೆಯ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಕಡೆ ಬರೆದಿತ್ತು. ಒಂದು: "ಶ್ರಾವಣದಲ್ಲಿ ಜೋಳದ ರಾಶಿ ಹೇಗೆ ಮಾಡಿಸಿದಿರಿ?" ಕಣದಲ್ಲಿ ಆಡಿ ಬೆಳೆದ ನನಗೆ ಹಿಂಗಾರಿ ಜೋಳದ ರಾಶಿ ಯಾವಾಗ ಆಗುತ್ತದೆ ಎಂಬುದು ತಿಳಿಯದ ವಿಷಯವಾಗಿರಲಿಲ್ಲ. ಕಥೆಯಲ್ಲಿ ಮಳೆಯೂ ಬೇಕು, ರಾಶಿಯೂ ಬೇಕು ಎಂಬ ಆಸೆಯಲ್ಲಿ ಗೊತ್ತಿದ್ದದ್ದನ್ನೇ ಮರೆತು ಬರೆದಿದ್ದೆ. ಇನ್ನೊಂದು: ಮಗ ಪಟ್ಟಣಕ್ಕೆ ಹೊರಟಾಗ ತಾಯಿ "ನಿನ್ನ ಅಗಲಿಕೆಯನ್ನು ಹೇಗೆ ಸಹಿಸಲಿ ಮಗನೇ" ಎನ್ನುವ ಸಾಲಿನ ಕೆಳಗೆ ಗೆರೆ ಎಳೆದು, "ನಿಮ್ಮ ತಾಯಿ ಹೀಗೆ ಮಾತಾಡುತ್ತಾರೆಯೆ?" ಎಂದು ಕೇಳಿದ್ದರು. ಎರಡು ವಾರ ಆ ಸಾಲಿನ ಮುಂದೆ ಕುಳಿತೆ. ಕೊನೆಗೆ ಆ ತಾಯಿ "ಮುಟ್ಟಿದ ಕೂಡ್ಲೆ ಒಂದು ಕಾರ್ಡ್ ಹಾಕಪಾ" ಎಂದಳು, ಅಷ್ಟೇ. ಕಥೆ ಅಚ್ಚಾಯಿತು. ಆ ಉಪಸಂಪಾದಕರನ್ನು ನಾನು ಒಮ್ಮೆಯೂ ಕಂಡವನಲ್ಲ. ಆದರೂ ಮುಂದಿನ ಮೂವತ್ತು ವರ್ಷ ತರಗತಿಯಲ್ಲಿ ಮಕ್ಕಳ ಪ್ರಬಂಧ ತಿದ್ದುವಾಗಲೆಲ್ಲ ನಾನು ಕೇಳಿದ್ದು ಅವರದೇ ಪ್ರಶ್ನೆಯನ್ನು.

ಇದು ನನ್ನೊಬ್ಬನ ಅದೃಷ್ಟವಾಗಿರಲಿಲ್ಲ. ಕನ್ನಡದ ಹೊಸ ಸಾಹಿತ್ಯ ಬೆಳೆದದ್ದೇ ಬರೆಯುವವರು ಒಬ್ಬರದನ್ನೊಬ್ಬರು ಓದಿದ್ದರಿಂದ. ಧಾರವಾಡದಲ್ಲಿ ಬೇಂದ್ರೆಯವರು ಕಟ್ಟಿದ ಗೆಳೆಯರ ಗುಂಪಿನಲ್ಲಿ ಆನಂದಕಂದ, ಗೋಕಾಕ, ಮುಗಳಿಯಂಥವರು ಒಬ್ಬರಿಗೊಬ್ಬರು ಮೊದಲ ಕೇಳುಗರಾದರು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ 'ಅಟ್ಟ' ಪುಸ್ತಕದ ಗೋದಾಮು ಮಾತ್ರ ಆಗಿರಲಿಲ್ಲ. ಬರೆಯುವವರು ಬಂದು ಕೂಡುವ, ಜಗಳಾಡುವ, ಚಹಾ ಕುಡಿದು ಮತ್ತೆ ಬರವಣಿಗೆಯ ಮಾತಿಗೆ ಮರಳುವ ಜಾಗ ಅದು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದರು. ಆಗಿನ್ನೂ 23ರ ತರುಣನಾಗಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕವನ್ನು 1961ರಲ್ಲಿ ಹೊರತಂದದ್ದು ಆ ಅಟ್ಟವೇ. ನಮ್ಮ ಜಿಲ್ಲೆಯ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದ್ದನ್ನು ನಾವು ಭಾಷಣಗಳಲ್ಲಿ ಅಭಿಮಾನದಿಂದ ನೆನೆಯುತ್ತೇವೆ. ಅವರೇ 'ಸದ್ಬೋಧ ಚಂದ್ರಿಕೆ' ಪತ್ರಿಕೆಯ ಸಂಪಾದಕರಾಗಿ ಬೇರೆಯವರ ಬರಹದ ಮೇಲೂ ಕಣ್ಣಿಟ್ಟು ಕುಳಿತವರು ಎಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

ತಿದ್ದುವುದೆಂದರೆ ಎಲ್ಲವನ್ನೂ ಶಿಷ್ಟ ಕನ್ನಡದ ಪಡಿಯಚ್ಚಿಗೆ ಹಾಕುವುದು ಎಂಬ ಭಯ ಅನೇಕ ಎಳೆಯ ಬರಹಗಾರರಲ್ಲಿದೆ, ಆ ಭಯಕ್ಕೆ ಕಾರಣವೂ ಇದೆ. 1984ರಲ್ಲಿ ಬಂದ ದೇವನೂರ ಮಹಾದೇವ ಅವರ 'ಕುಸುಮಬಾಲೆ' ಕಾದಂಬರಿಯ ನಂಜನಗೂಡು ಸೀಮೆಯ ನುಡಿಗೆ ಯಾರಾದರೂ ವ್ಯಾಕರಣದ ಕತ್ತರಿ ಹಾಕಿದ್ದರೆ ಕನ್ನಡಕ್ಕೆ ಎಂಥ ನಷ್ಟವಾಗುತ್ತಿತ್ತು ಎಂದು ಯೋಚಿಸಿದರೇ ಮೈ ಜುಂ ಎನ್ನುತ್ತದೆ. ಒಳ್ಳೆಯ ಕರಡು ಓದುಗ ತನ್ನ ಭಾಷೆಯನ್ನು ಬರೆಯುವವರ ಮೇಲೆ ಹೇರುವುದಿಲ್ಲ. ಬರೆಯುವವರು ತಮ್ಮ ಭಾಷೆಯನ್ನೇ ಬಿಟ್ಟು ಎರವಲು ಮಾತಿಗೆ ಹೋದಾಗ ಅವರನ್ನು ಅಲ್ಲಿ ತಡೆದು ನಿಲ್ಲಿಸುತ್ತಾನೆ. ನನ್ನ ಕಥೆಯ ಆ ತಾಯಿಗೆ ಆದದ್ದು ಅದೇ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಅದರ 50 ಸಾವಿರ ಪೌಂಡ್ ಮೊತ್ತವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸರಿಸಮನಾಗಿ ಹಂಚಿದರು. ಪುಸ್ತಕದ ಹಿಂದೆ ಎರಡನೆಯ ಕೈಯೊಂದು ದುಡಿದಿರುತ್ತದೆ ಎಂಬುದನ್ನು ಇಷ್ಟು ನೇರವಾಗಿ ಒಪ್ಪುವ ನಡೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿಯೋ, ಕಥೆ ಕಾದಂಬರಿಗಳ ಮಟ್ಟಿಗಂತೂ, ಕರಡು ತಿದ್ದಿದವರಿಗೆ ಸಂಭಾವನೆ ಇರಲಿ, ಕೃತಿಸ್ವಾಮ್ಯದ ಪುಟದಲ್ಲಿ ಅವರ ಹೆಸರನ್ನು ಹಾಕುವ ರೂಢಿಯೂ ಇಲ್ಲವೆನ್ನುವಷ್ಟು ಅಪರೂಪ. ಕೂಲಿಯೂ ಹೆಸರೂ ಇಲ್ಲದ ಕೆಲಸವನ್ನು ಯಾರಾದರೂ ಎಷ್ಟು ದಿನ ಮಾಡಿಯಾರು?

ಆದ್ದರಿಂದ ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ನನ್ನ ವಿನಂತಿ ಇದು. ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಹಸ್ತಪ್ರತಿ ಆಹ್ವಾನಿಸಿ ಪ್ರೋತ್ಸಾಹಧನ ಕೊಡುವ ಒಳ್ಳೆಯ ಯೋಜನೆ ಪ್ರಾಧಿಕಾರದಲ್ಲಿದೆ. ಆಯ್ಕೆಯಾದ ಪ್ರತಿ ಹಸ್ತಪ್ರತಿಗೂ ಅನುಭವಿ ಲೇಖಕರನ್ನೋ ನಿವೃತ್ತ ಪತ್ರಕರ್ತರನ್ನೋ ಕರಡು ಓದುಗರನ್ನಾಗಿ ನೇಮಿಸಿ, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಅಚ್ಚಿಗೆ ಹೋಗುವ ಮುಂಚೆ ಲೇಖಕರೊಂದಿಗೆ ಎರಡು ಸಲವಾದರೂ ಎದುರುಬದುರು ಕೂರುವ ವ್ಯವಸ್ಥೆ ಮಾಡಬೇಕು. ಸಲಹೆಯನ್ನು ಒಪ್ಪುವುದೂ ಬಿಡುವುದೂ ಲೇಖಕರ ಹಕ್ಕಾಗಿಯೇ ಉಳಿಯಲಿ. ಓದಿದವರ ಹೆಸರು ಪುಸ್ತಕದಲ್ಲಿ ಅಚ್ಚಾಗಲಿ.

ಇನ್ನು ತಮ್ಮಲ್ಲಿಯೂ ಒಂದು ವಿನಂತಿ. ಸಾಪ್ತಾಹಿಕ ಪುರವಣಿಯಲ್ಲಿ ಕಥೆಗೆ ಸಿಗುವ ಜಾಗ ಎಷ್ಟು ಕಡಿಮೆ, ಬರುವ ಕಥೆಗಳು ಎಷ್ಟು ಹೆಚ್ಚು, ಅವನ್ನು ನೋಡುವವರು ಒಬ್ಬಿಬ್ಬರೇ ಇರುತ್ತಾರೆ ಎಂಬುದನ್ನು ನಾನು ಬಲ್ಲೆ. ಬಂದ ಎಲ್ಲ ಕಥೆಗೂ ವಿವರವಾದ ಉತ್ತರ ಬರೆಯಿರಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ಸ್ವೀಕೃತ ಅಥವಾ ಅಸ್ವೀಕೃತ ಎಂಬ ಒಂದು ಸಾಲನ್ನು ಇಮೇಲಿನಲ್ಲಿ ಎಲ್ಲರಿಗೂ ತಿಳಿಸಬಹುದು. ಇನ್ನೇನು ಆಗಬಹುದಿತ್ತು ಎನಿಸಿ ಕೈಬಿಟ್ಟ ಕಥೆಗಳು ವಾರಕ್ಕೆ ಎರಡೋ ಮೂರೋ ಇರುತ್ತವಲ್ಲ, ಅವುಗಳ ಲೇಖಕರಿಗಾದರೂ ಎಲ್ಲಿ ಎಡವಿತು ಎಂದು ಮೂರು ಸಾಲು ಬರೆದು ತಿಳಿಸಬಹುದು. ವರ್ಷಗಟ್ಟಲೆ ಉತ್ತರವಿಲ್ಲದೆ ಕಾಯುವ ಹುಡುಗ ಹುಡುಗಿಯರೇ ಕೊನೆಗೆ ಸಾಲ ಮಾಡಿ ದುಡ್ಡು ಕಟ್ಟಲು ಹೋಗುವುದು.

ನಮ್ಮೂರ ಗ್ರಂಥಾಲಯದಲ್ಲಿ ನಾವು ಐದಾರು ಜನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಸೇರುತ್ತೇವೆ: ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬ ಬಸ್ ಕಂಡಕ್ಟರ್, ಕಾಲೇಜು ಓದುವ ಮೂವರು ಮಕ್ಕಳು. ಯಾರು ಏನು ತಂದರೂ ಜೋರಾಗಿ ಓದಿ, ಎಲ್ಲಿ ಕಿವಿಗೆ ಒಡಕು ಕೇಳಿತು ಎಂದು ಹೇಳುತ್ತೇವೆ. ಹೋದ ಭಾನುವಾರ ಆ ವಿದ್ಯಾರ್ಥಿನಿಯೂ ಬಂದಿದ್ದಳು. ಹೊಸ ಕಥೆಯೊಂದರ ಮೊದಲ ಎರಡು ಪುಟ ಓದಿದಳು. ಅದರಲ್ಲಿ ಸಂತೆಗೆ ಹೋಗುವ ಬಸ್ಸು ಬೆಳಿಗ್ಗೆ ಹತ್ತಕ್ಕೆ ಹೊರಡುತ್ತದೆ ಎಂದಿತ್ತು. "ಹತ್ತಕ್ಕ ಹೊಂಟ್ರ ಸಂತಿ ಮುಗದಿರ್ತೈತಿ ತಂಗಿ, ಸಂತಿ ಬಸ್ಸು ಆರೂವರಿಗೇ" ಎಂದು ನಮ್ಮ ಕಂಡಕ್ಟರ್ ಹೇಳಿದರು. ಆಕೆ ನಕ್ಕು ಅಲ್ಲೇ ಅಂಚಿನಲ್ಲಿ ಗುರುತು ಹಾಕಿಕೊಂಡಳು. ತಮ್ಮ ಪುರವಣಿಯಿಂದ ಹಿಂದಿರುಗುವ ಕಥೆಗಳಲ್ಲಿ ನಮ್ಮ ಜಿಲ್ಲೆಯವರದು ಯಾವುದಾದರೂ ಇದ್ದರೆ, ಲೇಖಕರು ಒಪ್ಪಿದಲ್ಲಿ, ಅದನ್ನು ಓದಿ ನಾಲ್ಕು ಮಾತು ಬರೆದು ಕೊಡಲು ನಾವು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ಹಾವೇರಿ ಜಿಲ್ಲೆ