ಬಿಪಿ ಪಾಠ ಹೇಳಿದ ಅಕ್ಕಂದಿರಿಗೆ ಶರಣು

ಮೊನ್ನೆ ಡಾಕ್ಟರ್ ನನ್ನ ಬಿಪಿ ಡೈರಿ ತಿರುವಿ ನೋಡಿ, "ಇದೇ ಮಾತ್ರೆ ಮುಂದುವರಿಸ್ರಿ, ಮೂರು ತಿಂಗಳು ಬಿಟ್ಟು ಬರ್ರಿ" ಎಂದರು. ಮೊದಲೆಲ್ಲ ಹದಿನೈದು ದಿನಕ್ಕೊಮ್ಮೆ ಕರೆಯುತ್ತಿದ್ದರು. ಆ ಖುಷಿಗೆ ಈ ಬರಹ. ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಬಿಪಿ ಇದ್ದವರಿಗೆ ಸಂಜೆ ಹೊತ್ತು ತರಬೇತಿ ಕೊಟ್ಟ ಸಿಸ್ಟರ್‌ಗೆ, ಮನೆಮನೆಗೆ ಬಂದು ನಮ್ಮನ್ನು ಎಬ್ಬಿಸಿ ಕರೆದೊಯ್ದ ಆಶಾ ಅಕ್ಕಂದಿರಿಗೆ ಶರಣು ಶರಣಾರ್ಥಿ.

ಸುಮ್ನೆ ಭಾಷಣ ಮಾಡಿ ಚಹಾ ಕುಡಿಸಿ ಕಳಿಸ್ತಾರೆ ಅಂದುಕೊಂಡು ಬಂದವರೇ ಜಾಸ್ತಿ. ಸಿಸ್ಟರ್ ಮೊದಲು ಚಹಾನೇ ತಡೆದರು. ಅಳೆಯುವ ಮುಂಚೆ ಅರ್ಧ ಗಂಟೆ ಚಹಾ, ಕಾಫಿ, ಬೀಡಿ ಯಾವುದೂ ಬೇಡವಂತೆ. ಆಮೇಲೆ ಮಷೀನನ್ನು ನಮ್ಮ ಕೈಗೇ ಕೊಟ್ಟರು. ನಮ್ಮ ದಾಲ್ ಮಿಲ್ಲಿನ ಕಾಕಾ ಒಬ್ಬರು ಕಾಲ ಮೇಲೆ ಕಾಲು ಹಾಕಿ, ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿಕೊಂಡು ತೊಗರಿ ರೇಟು ಮಾತಾಡುತ್ತಾ ಕೂತಿದ್ದರು. ಮೇಲಿನ ಅಂಕಿ 148 ಬಂತು. "ಕಾಕಾ, ಈಗ ಐದು ನಿಮಿಷ ಬಾಯಿ ಬಿಡಬ್ಯಾಡ್ರಿ" ಎಂದು ಸಿಸ್ಟರ್ ಪಟ್ಟಿಗೆ ಅಡ್ಡ ಬರದಂತೆ ಅಂಗಿ ತೋಳು ಸರಿಸಿ, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿಸಿ, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲಿಡಿಸಿದರು. 134! ಕಾಕಾ ಮಷೀನ್ ಕೆಟ್ಟಿದೆ ಅಂತ ವಾದಕ್ಕೇ ನಿಂತರು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡುವುದು, ಮನೆಯಲ್ಲಿ ಸಾಮಾನ್ಯವಾಗಿ 135/85ರ ಒಳಗಿರಬೇಕು ಎಂಬುದು ಕಲಿತದ್ದು ಅಲ್ಲೇ.

ಉಪ್ಪಿನ ಮಾತು ಬಂದಾಗ ಹೆಂಗಸರು ಸಿಡಿದರು. ಜೋಳದ ರೊಟ್ಟಿಗೆ ನಾವು ಉಪ್ಪೇ ಹಾಕಲ್ಲ, ಅಲ್ವಾ? ಆದರೆ ಪಕ್ಕದಲ್ಲಿ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದಷ್ಟೂ ಇಲ್ಲ. ನಮ್ಮ ಮನೆಯಲ್ಲಿ ಈಗ ಹಿಂಡಿಗೆ ಬೆಳ್ಳುಳ್ಳಿ, ಜೀರಿಗೆ ಜಾಸ್ತಿ, ಉಪ್ಪು ಅರ್ಧ. ಮಜ್ಜಿಗೆಗೆ ಕೊತ್ತಂಬರಿ ಸಾಕು. ಹೊಸ ರುಚಿ ಹತ್ತಿಸಿದ ನನ್ನ ಹೆಂಡತಿಗೂ ಇಲ್ಲೇ ಒಂದು ಥ್ಯಾಂಕ್ಸ್, ಎದುರಿಗೆ ಹೇಳಿದರೆ ನಗುತ್ತಾಳೆ.

ಮಂಡಿ ನೋವಿಗೆ ಮೆಡಿಕಲ್‌ನಿಂದ ತಂದು ನುಂಗುವ ಕೆಲವು ಮಾತ್ರೆಗಳೂ ಬಿಪಿ ಏರಿಸುತ್ತವೆ ಎಂದು ಕೇಳಿ ಅರ್ಧ ಸಭೆ ಬೆಚ್ಚಿಬಿತ್ತು. ಅಂಕಿ ಇಳಿಯಿತೆಂದು ಬಿಪಿ ಮಾತ್ರೆ ತಾನಾಗಿಯೇ ಬಿಡಬಾರದು, ಅದು ಇಳಿದದ್ದೇ ಮಾತ್ರೆಯಿಂದ. ಎದೆನೋವು ಬಂದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ 108ಕ್ಕೆ ಫೋನ್ ಮಾಡಬೇಕು, ಮಷೀನ್ ಹುಡುಕುತ್ತಾ ಕೂರುವುದಲ್ಲ. ಇದನ್ನು ಸಿಸ್ಟರ್ ಪ್ರತಿ ಸಲವೂ ನಮ್ಮ ಬಾಯಿಂದಲೇ ಹೇಳಿಸುತ್ತಿದ್ದರು.

ಮಿಲ್ಲಿನ ಮಾಲೀಕರಿಗೂ ಋಣಿ. ಆಫೀಸಿಗೆ ಒಂದು ಮಷೀನ್ ತರಿಸಿಕೊಟ್ಟಿದ್ದಾರೆ. ಗೆಳೆಯರು ಯಾರಾದರೂ ಬಂದು ಅಳೆದುಕೊಳ್ಳಬಹುದು. ಚಹಾಕ್ಕಿಂತ ಮುಂಚೆ ಬನ್ನಿ.