ಎಲ್ಲರ ಗುರುತಿನ ಚೀಟಿ ಯಾಕೆ ನೋಡುತ್ತೇವೆ: ನಮ್ಮ ಪಿಜಿಯವರಿಗೂ ಅವರ ಮನೆಯವರಿಗೂ ಒಂದು ಪತ್ರ

ಎಲ್ಲರಿಗೂ ನಮಸ್ಕಾರ,

ಬರುವ ತಿಂಗಳಿನಿಂದ ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್ ಫೋಟೋ ಅಥವಾ ಜೆರಾಕ್ಸ್ ನೋಡಿ ರೂಮ್ ಕೊಡುವುದಿಲ್ಲ. ನೀವೇ ಬರಬೇಕು. ಕಾರ್ಡಿನ ಕ್ಯೂಆರ್ ಸ್ಕ್ಯಾನ್ ಮಾಡಿ, ಅದರಲ್ಲಿ ಬರುವ ಫೋಟೋ ನಿಮ್ಮದೇನಾ ಅಂತ ನೋಡುತ್ತೇವೆ, ಆಮೇಲೆ ನೀವು ಓದುವ ಅಥವಾ ಕೆಲಸ ಮಾಡುವ ಕಡೆ ಒಬ್ಬರಿಗೆ ಫೋನ್ ಮಾಡುತ್ತೇವೆ. ಈಗಾಗಲೇ ಇರುವವರೂ ಒಮ್ಮೆ ಬನ್ನಿ. ಹಳಬರಿಗೆ ಇದರಿಂದ ಬೇಜಾರಾಗುತ್ತದೆ, ಕ್ಷಮಿಸಿ.

ಜಾಸ್ತಿ ಕೇಳಿದ ದೂರು ಎರಡು. "ಹೆಸರು ನೋಡಿ ಅನುಮಾನ ಪಡೋಕೆ ಇದೆಲ್ಲ, ಅಲ್ವಾ?" ಅಂತ ಕೆಲವರು. "ನಮ್ಮಂಥವರನ್ನೂ ಯಾಕೆ ಕೇಳ್ತೀರಿ, ಹೆಸರು ನೋಡಿದ್ರೆ ಗೊತ್ತಾಗಲ್ವಾ?" ಅಂತ ಇನ್ನು ಕೆಲವರು. ಇಬ್ಬರಿಗೂ ಉತ್ತರ ನಮ್ಮ ಮೈಸೂರಿನಲ್ಲೇ ಇದೆ.

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಪಾಪ, ಆಟೋ ಓಡಿಸುತ್ತಿದ್ದವರಿಗೂ ಸುಟ್ಟ ಗಾಯವಾಯಿತು. ಪೊಲೀಸರು ಹೇಳಿದ ಪ್ರಕಾರ ಆರೋಪಿ ಅದಕ್ಕೂ ಮೊದಲು ನಮ್ಮ ಮೈಸೂರಿನ ಮೇಟಗಳ್ಳಿಯಲ್ಲಿ ಬಾಡಿಗೆ ರೂಮ್ ಮಾಡಿಕೊಂಡಿದ್ದ, ಮೊಬೈಲ್ ರಿಪೇರಿ ಕಲಿಯಲು ಬಂದಿದ್ದೇನೆ ಅಂದಿದ್ದ. ಕೊಟ್ಟಿದ್ದ ಆಧಾರ್ ಹುಬ್ಬಳ್ಳಿ ಕಡೆಯ ಬೇರೊಬ್ಬರು ಕಳೆದುಕೊಂಡದ್ದು, ಅದರ ಮೇಲಿದ್ದದ್ದು ಹಿಂದೂ ಹೆಸರು. ಹೆಸರು ನೋಡಿ ನಂಬುವವರಾಗಲಿ, ಹೆಸರು ನೋಡಿ ಅನುಮಾನಿಸುವವರಾಗಲಿ, ಅವನಿಗೆ ಕಣ್ಣು ಮುಚ್ಚಿ ಬೀಗದ ಕೈ ಕೊಡುತ್ತಿದ್ದರು. ಪೊಲೀಸರ ಫೋನ್ ಹೋದದ್ದು ಏನೂ ಅರಿಯದ ಆ ಕಾರ್ಡಿನವರಿಗೆ! ಅದಕ್ಕೇ ಎಲ್ಲರನ್ನೂ ಒಂದೇ ಥರ ಕೇಳುತ್ತೇವೆ. ಜೆರಾಕ್ಸ್ ಮೇಲೆ ಫೋಟೋ ಬದಲಿಸಬಹುದು, ಕ್ಯೂಆರ್ ಒಳಗಿನದ್ದನ್ನು ಹಾಗೆ ಬದಲಿಸಲು ಆಗದು.

ಹಾಗಾದರೆ ಫೋನ್ ಯಾಕೆ? ಕಾಗದ ಸರಿಯಿದ್ದ ಮಾತ್ರಕ್ಕೆ ಮುಗಿಯುವುದಿಲ್ಲ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ಗೆ ವಿಮಾನ ನುಗ್ಗಿಸಿದವರಲ್ಲಿ ನವಾಫ್ ಅಲ್ ಹಜ್ಮಿ, ಖಾಲಿದ್ ಅಲ್ ಮಿಹ್ದಾರ್ ಎಂಬ ಇಬ್ಬರು 2000ದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸ್ವಂತ ಹೆಸರಿನಲ್ಲೇ ಇದ್ದರು. ಹಜ್ಮಿಯ ಹೆಸರು ಊರಿನ ಟೆಲಿಫೋನ್ ಡೈರೆಕ್ಟರಿಯಲ್ಲಿತ್ತು. ವಿಮಾನ ಓಡಿಸುವ ಪಾಠಕ್ಕೂ ಹೋಗಿದ್ದರು. ಅವರು ರೂಮ್ ಹಿಡಿದಿದ್ದ ಒಂದು ಮನೆಯ ಯಜಮಾನರು ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐಗೆ ಮಾಹಿತಿ ಕೊಡುತ್ತಿದ್ದವರು, ಅವರಿಗೂ ಅನುಮಾನ ಬರಲಿಲ್ಲ. ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎಗೆ ಇಬ್ಬರ ಬಗ್ಗೆಯೂ ಮೊದಲೇ ಗೊತ್ತಿತ್ತು, ಆದರೂ ನಿಗಾ ಪಟ್ಟಿಗೆ ಹೆಸರು ಸೇರಿದ್ದು 2001ರ ಆಗಸ್ಟ್ ಕೊನೆಗೆ. ಗೊತ್ತಿದ್ದವರು ಹೇಳಬೇಕಾದವರಿಗೆ ಹೇಳಲಿಲ್ಲ. ಒಂದು ಫೋನ್‌ನಿಂದ ಎಲ್ಲವೂ ತಿಳಿಯುತ್ತದೆ ಅಂತ ನಾವು ಹೇಳುತ್ತಿಲ್ಲ, ಆದರೆ ಕೇಳದೇ ಬಿಡಲು ನಮಗೆ ಮನಸ್ಸಿಲ್ಲ.

ಇನ್ನು ದುಡ್ಡಿನ ವಿಷಯ. ತಿಂಗಳಿಗೆ ₹150 ಸೇರಿಸಿದ್ದಕ್ಕೆ "ಚೆಕಿಂಗ್ ಹೆಸರಲ್ಲಿ ವಸೂಲಿ" ಅಂದವರಿದ್ದಾರೆ. ಈ ಮಾತು ನಿಜಕ್ಕೂ ನೋಯಿಸಿತು. ಸಂಜೆಯಿಂದ ರಾತ್ರಿ ಹತ್ತರವರೆಗೆ ಕೌಂಟರಿನಲ್ಲಿ ಒಬ್ಬರು ಕೂರಬೇಕು, ಅವರಿಗೆ ಸಂಬಳ. ಗೇಟಿಗೆ, ಮೆಟ್ಟಿಲಿಗೆ ಕ್ಯಾಮೆರಾ, ಅದರ ರೆಕಾರ್ಡಿಂಗ್, ರಿಪೇರಿ. ಠಾಣೆಗೆ ಮಾಹಿತಿ ಕೊಡುವ ಓಡಾಟ ಬೇರೆ. ಸಿಲಿಂಡರ್, ತರಕಾರಿ, ಅಡುಗೆಯವರ ಸಂಬಳ ಎಲ್ಲ ಏರಿದಾಗಲೂ ನಾವು ಊಟದ ರೇಟು ಮುಟ್ಟಲಿಲ್ಲ, ಚಪಾತಿ ಎಣಿಸಿ ಹಾಕಲೂ ಇಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಆಧಾರ್ ನಂಬರ್ ಪೂರ್ತಿ ತೋರಿಸಲು ಇಷ್ಟವಿಲ್ಲದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತನ್ನಿ. ನಿಮ್ಮ ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳುವುದಿಲ್ಲ, ಹಳೆಯವು ನಮ್ಮ ಹತ್ತಿರ ಇದ್ದರೆ ನಿಮ್ಮ ಕೈಗೇ ವಾಪಸ್ ಕೊಡುತ್ತೇವೆ. ಊರಿಂದ ತಡರಾತ್ರಿ ಬಸ್ಸಿಗೆ ಬರುವವರು ಮೊದಲೇ ಒಂದು ಫೋನ್ ಮಾಡಿ. ಬಾಗಿಲು ತೆಗೆಯುತ್ತೇವೆ, ಊಟ ಎತ್ತಿಟ್ಟಿರುತ್ತೇವೆ. ಆದರೆ ಕಾರ್ಡ್ ಬೆಳಿಗ್ಗೆ ನೋಡಿದರಾಯಿತು ಅಂತ ಮಾತ್ರ ಕೇಳಬೇಡಿ.